ಹೊಂಬಣ್ಣದ ಕೊಂಡಿ

ಕಾರಿನ ಎಂಜಿನ್ನಿನ ಎರಡನೆಯ ಸುತ್ತು ಮುಗಿಯುತ್ತಿದ್ದಂತೆ ಮೇಸ್ತ್ರಿಯ ಮಗಳ ಕೈ ತಿರುಗಿಸುವ ಹಿಡಿಯ ಮೇಲೇ ನಿಂತುಬಿಟ್ಟಿತು. ಈಗಷ್ಟೇ ಚಕ್ರದ ಚುಕ್ಕಿಗೆ ಸರಿಯಾಗಿ ಕೂರಿಸಿದ್ದ ಹೊಂಬಣ್ಣದ ಕೊಂಡಿ ಅಲ್ಲಿರಲಿಲ್ಲ. ಟಾರ್ಚ್ ಹಿಡಿದು ಬಗ್ಗಿ ನೋಡಿದಳು. ವಾಲ್ವು, ಪಿಸ್ಟನ್ನುಗಳನ್ನು ಒಂದೇ ತಾಳಕ್ಕೆ ಕುಣಿಸುವ ಹೊಸ ಟೈಮಿಂಗ್ ಚೈನಿನಲ್ಲಿ ಬಣ್ಣದ ಕೊಂಡಿಗಳು ಮೂರೇ: ಮೇಲಿನ ಎರಡು ಹಲ್ಲುಚಕ್ರಗಳಿಗೆ ಒಂದೊಂದು, ಕೆಳಗಿನದಕ್ಕೆ ಒಂದು. ಮೂರೂ ಜಾಗ ಬಿಟ್ಟು ಎಲ್ಲೆಲ್ಲೋ ಹೋಗಿ ಕೂತಿದ್ದವು.

"ಏನಮ್ಮಾ ಚಿಕ್ಕ ಮೇಸ್ತ್ರಿ, ಮುಖ ಯಾಕೆ ಹೀಗೆ ಬಾಡಿಹೋಯ್ತು?" ಎಂದಳು ನರ್ಸ್.

ಕಾರು ನರ್ಸಿನದೇ. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು ಅವಳ ಕೆಲಸ; ಈ ಶೆಡ್ಡಿನ ಹಿಂದಿನ ಮನೆಯೂ ಅವುಗಳಲ್ಲೊಂದು. ಕೆಲವು ದಿನಗಳಿಂದ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದರೆ ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದಂಥ ಸದ್ದು. ಬಿಚ್ಚಿ ನೋಡಿದರೆ ಹಳೇ ಚೈನ್ ಸವೆದು ಜೋತುಬಿದ್ದಿತ್ತು. ಅದು ಉಜ್ಜಿ ಉಜ್ಜಿ, ಚೈನ್ ಅತ್ತಿತ್ತ ಜಾರದಂತೆ ತಡೆಯುವ ಪ್ಲಾಸ್ಟಿಕ್ ಗೈಡಿನಲ್ಲಿ ಉಗುರು ಮುಳುಗುವಷ್ಟು ಆಳದ ಗೀರು ಬಿದ್ದಿತ್ತು.

"ಏನಿಲ್ಲ ಸಿಸ್ಟರ್," ಎಂದಳು ಮಗಳು.

ಏನಿಲ್ಲದೇ ಏನು! ಚೈನ್ ಹಲ್ಲು ತಪ್ಪಿ ಕೂತಿದ್ದರೆ ಕೀ ತಿರುಗಿಸಿದ ಕ್ಷಣ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನಿನ ಕಥೆ ಮುಗಿದಂತೆಯೇ. ಅದರ ಜೊತೆಗೆ ಅಪ್ಪ ಕಟ್ಟಿದ ಶೆಡ್ಡಿನ ಹೆಸರೂ ಹೋಗುತ್ತದೆ. ಬ್ರೇಕು, ಕ್ಲಚ್ಚು ಅವಳಿಗೆ ನೀರು ಕುಡಿದಷ್ಟು ಸುಲಭ. ಟೈಮಿಂಗ್ ಕೆಲಸವನ್ನು ಮಾತ್ರ ಅಪ್ಪ ಯಾರ ಕೈಗೂ ಬಿಟ್ಟವನಲ್ಲ. "ಎರಡು ಸುತ್ತು ಕೈಯಲ್ಲೇ ತಿರುಗಿಸು. ಗುರುತು ವಾಪಸ್ ಬಂದ್ರೆ ಮಾತ್ರ ಕೀ ಮುಟ್ಟು," ಎಂದು ನೂರು ಸಲ ಹೇಳಿದ್ದ. ಅಷ್ಟು ಹೇಳಿ ಬೆನ್ನು ತಿರುಗಿಸಿ ತಾನೇ ಮಾಡಿಕೊಳ್ಳುತ್ತಿದ್ದ.

ಈಗ ಕೇಳೋಣವೆಂದರೆ ಅಪ್ಪನಿಗೆ ಮಾತಿಲ್ಲ. ಕಳೆದ ವರ್ಷ ಪಾರ್ಶ್ವವಾಯು ಹೊಡೆದು ಮಾತನ್ನೂ ಬಲಗೈಯನ್ನೂ ಒಟ್ಟಿಗೇ ಕಿತ್ತುಕೊಂಡಿತ್ತು. ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದರೆ ಬೀದಿ ನೋಡುತ್ತ ಕೂರುತ್ತಿದ್ದನೇ ಹೊರತು ಎಂಜಿನ್ನಿನ ಕಡೆ ಅಪ್ಪಿತಪ್ಪಿಯೂ ತಿರುಗುತ್ತಿರಲಿಲ್ಲ. ಬಲಗೈಯಲ್ಲಿ ಹಿಸುಕಲೆಂದು ನರ್ಸ್ ಕೊಡುವ ರಬ್ಬರ್ ಚೆಂಡನ್ನು ಎಡಗೈಯಿಂದ ಗೇಟಿನಾಚೆ ಎಸೆಯುವುದೊಂದೇ ಅವನು ಮನಸ್ಸಿಟ್ಟು ಮಾಡುತ್ತಿದ್ದ ವ್ಯಾಯಾಮ. ಅವನು ಹೀಗೇ ಉಳಿದುಬಿಟ್ಟರೆ ಎಂಬ ಭಯ ಮಗಳನ್ನು ಒಳಗೊಳಗೇ ತಿನ್ನುತ್ತಿತ್ತು.

"ಪೂರ್ತಿ ಬಿಚ್ಚಿ ಮತ್ತೆ ಮೊದಲಿಂದ ಹಾಕ್ತೀನಿ ಸಿಸ್ಟರ್. ಏನೋ ಎಡವಟ್ಟಾಗಿದೆ." ಚೈನನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದಳು.

"ಆ!"

ಬಾಗಿಲಲ್ಲಿ ಕೂತಿದ್ದ ಅಪ್ಪ ಕುರ್ಚಿಯಿಂದ ಎದ್ದು ನಿಂತಿದ್ದ. ಹಿಡಿದುಕೊಳ್ಳಲು ಓಡಿದ ನರ್ಸನ್ನು ಮೊಣಕೈಯಿಂದಲೇ ಆಚೆ ಸರಿಸಿ, ಕಾಲೆಳೆದುಕೊಂಡು ಕಾರಿನವರೆಗೆ ಬಂದ. ಮಗಳ ಕೈಯಿಂದ ಸ್ಪ್ಯಾನರ್ ಕಿತ್ತು ಬದಿಗಿಟ್ಟ. ಮೇಲಿನ ಚಕ್ರದ ಚುಕ್ಕಿಯ ಮೇಲೆ ಎಡಗೈ ಬೆರಳಿಟ್ಟ. ಆಮೇಲೆ ಅದರ ಪಕ್ಕದ್ದು, ಆಮೇಲೆ ಕೆಳಗಿನದು.

"ಚಕ್ರದ ಚುಕ್ಕಿಗಳು ಜಾಗದಲ್ಲೇ ಇವೆ..." ಎಂದಳು ಮಗಳು ನಿಧಾನವಾಗಿ. "ಮತ್ತೆ ಕೊಂಡಿ ಯಾಕಪ್ಪಾ ಓಡಿಹೋಯ್ತು?"

ಅಪ್ಪ ಅವಳನ್ನು ದುರುಗುಟ್ಟಿ ನೋಡಿದ. ಇಷ್ಟೂ ತಿಳಿಯಲ್ವಾ ಎನ್ನುವ ಅದೇ ಹಳೆಯ ನೋಟ. ಅದನ್ನು ಕಂಡು ಒಂದು ವರ್ಷವಾಗಿತ್ತು. ಬೈಸಿಕೊಂಡಿದ್ದಕ್ಕೆ ಇಷ್ಟೊಂದು ಸಂತೋಷವಾಗಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಅವನು ಕೆಳಗಿನ ಚಕ್ರಕ್ಕೆ ಸಿಕ್ಕಿಸಿದ್ದ ಉದ್ದ ಹಿಡಿಯನ್ನು ಎಡಗೈಯಲ್ಲಿ ಹಿಡಿದು ತಿರುಗಿಸತೊಡಗಿದ. ಚೈನ್ ಎಣ್ಣೆಯಲ್ಲಿ ಮಿನುಗುತ್ತ ಮೇಲೇರಿತು. ಒಂದು ವಾಲ್ವ್ ತಗ್ಗಿ ಇನ್ನೊಂದು ಎದ್ದಿತು, ಒಂದರ ದಾರಿಗೆ ಇನ್ನೊಂದು ಅಡ್ಡ ಬರದೆ. ಎರಡೆರಡು ಸುತ್ತಿಗೊಮ್ಮೆ ಚುಕ್ಕಿಗಳು ತಪ್ಪದೆ ತಮ್ಮ ಜಾಗಕ್ಕೆ ಬಂದವು. ಹೊಂಬಣ್ಣದ ಕೊಂಡಿಗಳು ಮಾತ್ರ ಪ್ರತಿ ಸಲವೂ ಬೇರೆಲ್ಲೋ ನಿಂತವು. ಚೈನಿನ ಉದ್ದವೇ ಬೇರೆ, ಚಕ್ರದ ಸುತ್ತೇ ಬೇರೆ. ಆ ಬಣ್ಣ ಇದ್ದದ್ದು ಕೂರಿಸುವಾಗಿನ ಗುರುತಿಗೆ ಮಾತ್ರ. ಮಗಳಿಗೆ ಅದು ಈಗ ಹೊಳೆಯಿತು.

"ಇದೆಲ್ಲಾ ನನ್ನ ಬಾನೆಟ್ ಕೆಳಗೇ ನಡೀತಿತ್ತಾ?" ಎಂದಳು ನರ್ಸ್ ಮೆಲ್ಲಗೆ. "ನಾನು ನನ್ನ ಪಾಡಿಗೆ ಒಳಗೆ ಕೂತು ಹಾಡು ಕೇಳ್ತಿದ್ದೆನಲ್ಲೇ!"

ಅಪ್ಪ ನಿಲ್ಲಿಸಲಿಲ್ಲ. ಹಣೆಯಲ್ಲಿ ಬೆವರು ಇಳಿಯಿತು. ಮಗಳು ಅವನ ಕೈ ಮೇಲೆ ತನ್ನ ಕೈಯಿಟ್ಟಳು. ಎಷ್ಟು ಸುತ್ತಾಯಿತೋ ಯಾರೂ ಎಣಿಸಲಿಲ್ಲ. ಕೊನೆಗೆ ಒಂದು ಕೊಂಡಿ ಮೇಲಿನ ಚುಕ್ಕಿಯ ಹತ್ತಿರ ಬಂತು. ಪಕ್ಕದ ಚಕ್ರಕ್ಕೆ ಎರಡನೆಯದು, ಕೆಳಗೆ ಮೂರನೆಯದು. ಯಾರೂ ಕರೆಯದೆ, ದಾರಿ ತಪ್ಪದೆ, ಮೂರೂ ಒಟ್ಟಿಗೇ ತಮ್ಮ ತಮ್ಮ ಚುಕ್ಕಿಯ ಮೇಲೆ ಬಂದು ನಿಂತವು.

ಮಗಳ ಮೈ ಜುಮ್ಮೆಂದಿತು. ಇದು ಪ್ರತಿ ಎಂಜಿನ್ನಿನಲ್ಲೂ ಮುಚ್ಚಳದ ಹಿಂದೆ, ಕತ್ತಲಲ್ಲಿ, ಯಾರಿಗೂ ಕಾಣದಂತೆ ನಡೆಯುತ್ತಲೇ ಇರುತ್ತದೆ.

"ಬಂತಪ್ಪಾ," ಎಂದಳು. "ಎಲ್ಲೆಲ್ಲೋ ಸುತ್ತಿ ವಾಪಸ್ ಬಂತು."

ಸ್ವಲ್ಪ ಹೊತ್ತಿನ ಮೇಲೆ ಮುಚ್ಚಳ ಕೈಗೆತ್ತಿಕೊಂಡು ಕೇಳಿದಳು, "ಮುಚ್ಚಿಬಿಡೋಣ್ವಾ?"

ಅಪ್ಪ ಜಾಗ ಬಿಟ್ಟು ಕದಲಲಿಲ್ಲ. ಜೋತುಬಿದ್ದಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿಯ ಮೇಲಿಟ್ಟ. ಅದರ ಬೆರಳುಗಳನ್ನು ಒಂದೊಂದಾಗಿ ಮಡಿಸಿದ. ಅವು ಜಾರದಂತೆ ಮೇಲೆ ಎಡಗೈ ಮುಚ್ಚಿ ಮೆಲ್ಲಗೆ ಒತ್ತಿದ.

ಕೊಂಡಿ ಚುಕ್ಕಿ ಬಿಟ್ಟು ಮತ್ತೆ ಹೊರಟಿತು. ಮಗಳು ಮುಚ್ಚಳ ಕೆಳಗಿಟ್ಟು ಅಪ್ಪನಿಗೆ ಟಾರ್ಚ್ ಹಿಡಿದಳು.