ಬೀಳಿಸುವ ಪಾಠ

ಶಿರಾದ ಕಡಲೆಕಾಯಿ ಮಂಡಿಗಳಲ್ಲಿ ರಂಗೇಶನ ಹೆಸರು ಹೇಳಿದರೆ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: 'ಒಂದು ಮೂಟೇನೂ ಬೀಳಿಸಿದವನಲ್ಲ.' ಇಪ್ಪತ್ತೇಳು ವರ್ಷದ ಹಮಾಲಿಯಲ್ಲಿ ಅವನ ಬೆನ್ನಿನಿಂದ ಒಂದೇ ಒಂದು ಮೂಟೆ ನೆಲಕ್ಕೆ ಬಿದ್ದಿಲ್ಲ. ಮಂಡಿ ಸಾಹುಕಾರರು ಹೊಸ ಹುಡುಗರನ್ನು ಬೈಯುವಾಗ ಅವನನ್ನೇ ತೋರಿಸುತ್ತಾರೆ. ಆಗ ರಂಗೇಶ ಮೂಟೆ ಎಳೆಯುವ ಕೊಕ್ಕೆಯನ್ನು ಹೆಗಲಿಗೆ ಸಿಕ್ಕಿಸಿಕೊಂಡು, ಏನೂ ಕೇಳಿಸದವನ ಹಾಗೆ ಬೀಡಿ ಹಚ್ಚುತ್ತಾನೆ. ಕೇಳಿಸಿರುತ್ತದೆ, ಚೆನ್ನಾಗಿಯೇ ಕೇಳಿಸಿರುತ್ತದೆ. ಹೊಗಳಿಕೆ ಯಾರಿಗೆ ಬೇಡ ಹೇಳಿ.

ಅದಕ್ಕೆ ಅವನು ತೆತ್ತದ್ದು ಏನೆಂದು ಮಾತ್ರ ಯಾರಿಗೂ ಗೊತ್ತಿಲ್ಲ. ಎಡ ಹೆಗಲು ಎರಡು ಬೆರಳಿನಷ್ಟು ಕೆಳಗೆ ಇಳಿದಿದೆ. ಚಳಿಗಾಲದ ಬೆಳಿಗ್ಗೆ ಸೊಂಟ ನೆಟ್ಟಗಾಗಬೇಕಾದರೆ ಹೆಂಡತಿ ಮಂಗಳಾ ಹರಳೆಣ್ಣೆ ಬಿಸಿ ಮಾಡಿ ತಿಕ್ಕಬೇಕು. ಅವಳೂ ಸೇರಿದಂತೆ ಕೇಳಿದವರಿಗೆಲ್ಲ ಅವನು ಹೇಳುವುದು ಒಂದೇ: 'ಚಿಕ್ಕವನಿದ್ದಾಗ ಹುಣಸೇಮರದಿಂದ ಬಿದ್ದೆ.' ಪಾಪ, ಹುಣಸೇಮರದ್ದೇನೂ ತಪ್ಪಿಲ್ಲ. ಹದಿನೈದನೇ ವಯಸ್ಸಿಗೆ ಮಂಡಿಗೆ ಬಂದ ಮೊದಲ ವಾರವೇ ಮೇಸ್ತ್ರಿ ಓಬಳಯ್ಯ ಎಂಬತ್ತು ಕೇಜಿಯ ಬೀಜದ ಮೂಟೆಯನ್ನು ಅವನ ಬೆನ್ನಿಗೆ ಹೊರಿಸಿ ಲಾರಿಯ ಹಲಗೆ ಹತ್ತಿಸಿದ್ದ. ಹೆಂಗೆ ಹೊರಬೇಕು ಎಂದು ಹೇಳಿಕೊಟ್ಟವರಿಲ್ಲ. ಅರ್ಧ ಹಲಗೆಯಲ್ಲಿ ಮೂಟೆ ಎಡಕ್ಕೆ ಜಾರಿತು. ಬಿಟ್ಟಿದ್ದರೆ ಮೂಟೆ ಒಡೆದು ಬೀಜ ಚೆಲ್ಲುತ್ತಿತ್ತು, ಅಷ್ಟೇ. ಆದರೆ ಕೆಳಗೆ ನಿಂತವರೆಲ್ಲ 'ಬುಟ್ಟೀಯ ಲೇ, ಬುಟ್ರೆ ನೋಡು!' ಎಂದು ಕೂಗಿದರು. ಹುಡುಗ ಬಿಡಲಿಲ್ಲ. ಸೊಂಟದಲ್ಲಿ ಏನೋ ಲಟಕ್ಕೆಂದಿತು. ಮೂಟೆ ಲಾರಿ ಸೇರಿತು, ಎಲ್ಲರೂ ಶಹಬ್ಬಾಸ್ ಎಂದರು.

ಇಂಥ ರಂಗೇಶನ ಮುಂದೆ ಒಂದು ಭಾನುವಾರ, ಒಂಬತ್ತನೇ ಕ್ಲಾಸಿನ ಮಗಳು ಬಿಂದುಶ್ರೀ ಒಂದು ಹಾಳೆ ತಂದಿಟ್ಟಳು. ಮಧುಗಿರಿಯಲ್ಲಿ ಸ್ಕೂಲು ಮಕ್ಕಳ ಆಟೋಟ ಸ್ಪರ್ಧೆ, ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನವರು ಬರುತ್ತಾರೆ, ತಂದೆಯ ಸಹಿ ಬೇಕು.

"ಖೋ ಖೋ ತಾನೆ?" ಎಂದು ರಂಗೇಶ ಪೆನ್ನಿಗೆ ಕೈ ಚಾಚಿದ.

"ಅಲ್ಲಪ್ಪ. ವೆಯ್ಟ್ ಲಿಫ್ಟಿಂಗು. ಭಾರ ಎತ್ತೋದು."

ಚಾಚಿದ ಕೈ ಹಾಗೇ ನಿಂತಿತು. "ಭಾರ ಎತ್ತೋದಾ? ನಾನು ಹೊತ್ತಿದ್ದು ಸಾಲ್ದಾ? ನೀನು ಹೊರಬಾರ್ದು ಅಂತ್ಲೇ ಕಣಮ್ಮ ನಾನು ಹೊರ್ತಿರೋದು! ಅಪ್ಪ ಹಾಕಿದ ಆಲದ ಮರ ಅಂತ ಅದುಕ್ಕೇ ನೇಣಾಕ್ಕಂತಾರಾ?"

"ಮೂಟೆ ಅಲ್ಲಪ್ಪ ಅದು..."

"ನಂಗೇಳ್ಕೊಡ್ತೀಯ ಭಾರ ಅಂದ್ರೇನು ಅಂತ? ಮಂಗಳಾ, ಸ್ಕೂಲು ಬಿಟ್ಮೇಲೆ ಇವ್ಳು ಖೋ ಖೋ ಆಡ್ತಾವ್ಳೆ ಅಂದಿದ್ದು ನೀನೇ ಅಲ್ವ?"

"ಹೂಂ ನಾನೇ," ಎಂದಳು ಮಂಗಳಾ ಒಲೆಯ ಕಡೆಯಿಂದ, ಮುದ್ದೆ ತಿರುವುವುದನ್ನು ನಿಲ್ಲಿಸದೆ. "ನಿಜ ಹೇಳಿದ್ರೆ ಇಂಗೇ ಹಾರಾಡ್ತೀರ ಅಂತ ಗೊತ್ತಿತ್ತು."

ಬಿಂದು ಅಳಲಿಲ್ಲ, ರಂಪ ಮಾಡಲಿಲ್ಲ. ಹಾಳೆಯನ್ನು ಉಪ್ಪಿನ ಡಬ್ಬದ ಕೆಳಗಿಟ್ಟು, "ಶುಕ್ರವಾರ ಕೊನೇ ದಿನ" ಎಂದಷ್ಟೇ ಹೇಳಿ ಪುಸ್ತಕ ತೆಗೆದು ಕೂತಳು. ರಂಪ ಮಾಡಿದ್ದರೆ ಎದುರು ರಂಪ ಮಾಡಿ ಮುಗಿಸಬಹುದಿತ್ತು. ಸುಮ್ಮನಿರುವ ಮಕ್ಕಳ ಜೊತೆ ಜಗಳ ಆಡುವುದು ಬಲು ಕಷ್ಟ. ಅವತ್ತು ರಂಗೇಶನಿಗೆ ಮುದ್ದೆ ಸೇರಲಿಲ್ಲ.

ಮಾರನೆಯ ದಿನ ಮಂಡಿಯಲ್ಲಿ ವಿಷಯ ಎತ್ತಿದ. ಓಬಳಯ್ಯನಿಗೆ ಈಗ ಎಪ್ಪತ್ತು ದಾಟಿದೆ. ಕೆಲಸವಿಲ್ಲದಿದ್ದರೂ ದಿನಾ ಬಂದು ಮಂಡಿಯ ಜಗುಲಿಯಲ್ಲಿ ಕೂತು ತೀರ್ಪು ಕೊಡುತ್ತಾನೆ.

"ಬ್ಯಾಡ ಕಣ್ಲಾ ರಂಗೇಶ. ಎಳೇ ವಯಸ್ಸಲ್ಲಿ ಭಾರ ಎತ್ತಿದ್ರೆ ಬೆಳವಣಿಗೆ ನಿಂತೋಯ್ತದೆ. ಕುಳ್ಳಾಗೇ ಉಳ್ಕಂತಾವೆ."

ಎಂಬತ್ತು ಕೇಜಿ ಹೊರಿಸಿದ ಬಾಯಲ್ಲೇ ಈ ಮಾತು ಬಂತೆಂದು ರಂಗೇಶನಿಗೆ ಆಗ ಹೊಳೆಯಲಿಲ್ಲ. ಬೇಕಾದ ಮಾತು ಸಿಕ್ಕಿದರೆ ಅದನ್ನು ಆಡಿದವರು ಯಾರೆಂದು ಯಾರು ನೋಡುತ್ತಾರೆ? ಮನೆಗೆ ಬಂದವನೇ ಅದನ್ನೇ ಒಪ್ಪಿಸಿದ. ಮಂಗಳಾ ಎದ್ದು ಹೋಗಿ ಬಿಂದುವಿನ ಯೂನಿಫಾರಂ ಪ್ಯಾಂಟು ತಂದು, ಮಗಳನ್ನು ನಿಲ್ಲಿಸಿ ಅವಳ ಕಾಲಿಗೆ ಹಿಡಿದು ತೋರಿಸಿದಳು.

"ಜೂನಲ್ಲಿ ಹೊಲ್ಸಿದ್ದು ಕಣ್ರೀ ಇದು. ಹಿಮ್ಮಡಿ ಮುಚ್ತಿತ್ತು. ಈಗ ನೋಡಿ, ನಾಕು ಬೆಳ್ಳು ಮ್ಯಾಲೈತೆ. ಜುಲೈಯಿಂದ ಎತ್ತುತಾವ್ಳೆ ಇವ್ಳು. ನಿಮ್ಮ ಓಬಳಯ್ಯನ್ನ ಕರ್ಕಬಂದು ತೋರ್ಸಿ."

ಉತ್ತರ ಸಿಗದ ಗಂಡಸರು ಮಾಡುವುದನ್ನೇ ರಂಗೇಶನೂ ಮಾಡಿದ: ಕೋಪವನ್ನು ಬೇರೆಯವರ ಮೇಲೆ ತಿರುಗಿಸಿದ. ಹೆಣ್ಣುಮಕ್ಕಳ ತಲೆ ಕೆಡಿಸಿದ ಆ ಪಿಟಿ ಮೇಷ್ಟ್ರನ್ನೇ ಕೇಳಿ, ಮಗಳನ್ನು ಕೈ ಹಿಡಿದು ಎಳೆದುಕೊಂಡು ಬರುತ್ತೇನೆಂದು ಗುರುವಾರ ಸಂಜೆ ಕೆಲಸ ಬಿಟ್ಟವನೇ, ಕೊಕ್ಕೆಯನ್ನೂ ಇಳಿಸದೆ ನೇರ ಸ್ಕೂಲಿಗೆ ಹೋದ.

ಹಿಂದುಗಡೆಯ ಹಳೇ ಸೈಕಲ್ ಸ್ಟ್ಯಾಂಡಿನಲ್ಲಿ ದಪ್ಪ ರಬ್ಬರ್ ಶೀಟು ಹಾಸಿದ್ದರು. ಹತ್ತು ಹನ್ನೆರಡು ಮಕ್ಕಳಿದ್ದರು. ಮುಕ್ಕಾಲು ಪಾಲು ಮಕ್ಕಳ ಕೈಯಲ್ಲಿದ್ದದ್ದು ನೀರಿನ ಪ್ಲಾಸ್ಟಿಕ್ ಪೈಪು! ಅದನ್ನೇ ಮಹಾ ಭಾರದಂತೆ ಕೂತು, ಎದ್ದು, ತಲೆಯ ಮೇಲೆ ಎತ್ತುತ್ತಿದ್ದವು. ಮೇಷ್ಟ್ರು ಮೋಹನ್ ಕುಮಾರ್ ಪಾವಗಡದ ಕಡೆಯವರು, ಬೈಯುವುದೆಲ್ಲ ಕನ್ನಡದಲ್ಲಿ, ಲೆಕ್ಕ ಹಾಕುವುದು ತೆಲುಗಿನಲ್ಲಿ. "ಒಕಟಿ... ರೆಂಡು... ಬೆನ್ನು ನೆಟ್ಟಗೆ! ಮೂಡು..." ರಂಗೇಶನ ಕೋಪದಲ್ಲಿ ಅರ್ಧ ಅಲ್ಲೇ ನಗೆಯಾಗಿಹೋಯಿತು. ಪೈಪು ಎತ್ತಲು ತಂದೆಯ ಸಹಿ ಬೇಕಂತೆ!

ಆ ಕಡೆ ಕಬ್ಬಿಣದ ರಾಡು ಹಿಡಿದಿದ್ದ ಹುಡುಗನೊಬ್ಬ ಗೋಗರೆಯುತ್ತಿದ್ದ. "ಸಾರ್, ಇನ್ನೊಂದು ಪ್ಲೇಟು ಹಾಕ್ಕಂತೀನಿ ಸಾರ್."

"ಈಗ ಎತ್ತಿದಾಗ ಬೆನ್ನು ಬಗ್ಗಿತು, ನಾನು ನೋಡಿದೆ. ಹಾಕೋದಿರಲಿ, ಇರೋದ್ರಲ್ಲೇ ಒಂದು ತೆಗಿ," ಎಂದರು ಮೇಷ್ಟ್ರು.

ರಂಗೇಶ ಕಂಬದ ಮರೆಯಲ್ಲೇ ನಿಂತ. ಭಾರ ತೆಗಿ ಎನ್ನುವ ಮೇಸ್ತ್ರಿಯನ್ನು ಅವನು ಜನ್ಮದಲ್ಲೇ ಕಂಡಿರಲಿಲ್ಲ.

ಆಮೇಲೆ ಬಿಂದು ಬಂದಳು. ಅಪ್ಪನನ್ನು ಅವಳು ನೋಡಿರಲಿಲ್ಲ. ಪಾದ ಊರಿ, ಕೂತು, ರಾಡನ್ನು ಮೈಗೆ ಒತ್ತಿಕೊಂಡೇ ಮೇಲೆ ತಂದಳು. ಭಾರವನ್ನು ಮೈಯಿಂದ ದೂರ ಬಿಡಬಾರದೆಂದು ಕಂಡುಕೊಳ್ಳಲು ರಂಗೇಶನಿಗೆ ಹತ್ತು ವರ್ಷ ಹಿಡಿದಿತ್ತು. ಈ ಹುಡುಗಿಗೆ ಹದಿನಾಲ್ಕಕ್ಕೇ ಬಂದುಬಿಟ್ಟಿದೆ. ರಾಡು ಹೆಗಲಿಗೆ ಬಂತು, ತಲೆಯ ಮೇಲೆ ಹೋಯಿತು. ರಂಗೇಶನ ಎದೆ ಉಬ್ಬುತ್ತಿದೆ ಎನ್ನುವಷ್ಟರಲ್ಲಿ ಮೇಷ್ಟ್ರು ಚಪ್ಪಾಳೆ ತಟ್ಟಿ ಕೂಗಿದರು: "ಬಿಡು!"

ಬಿಂದು ಕೈ ಬಿಟ್ಟೇಬಿಟ್ಟಳು.

ರಂಗೇಶನಿಗೆ ತಾನು ಯಾವಾಗ ಓಡಿದೆ ಎಂದು ಗೊತ್ತಾಗಲಿಲ್ಲ. ಚಪ್ಪಲಿ ಒಂದು ಕಡೆ, ಕೊಕ್ಕೆ ಒಂದು ಕಡೆ. ಎರಡೂ ಕೈ ಚಾಚಿಕೊಂಡು ರಬ್ಬರ್ ಶೀಟಿನ ಅಂಚಿಗೆ ಬಂದವನನ್ನು ಮೇಷ್ಟ್ರು ತೋಳು ಹಿಡಿದು ಎಳೆದುಕೊಂಡರು. ರಾಡು ಧಡಾರೆಂದು ಬಿದ್ದು, ಒಮ್ಮೆ ಪುಟಿದು, ಸುಮ್ಮನಾಯಿತು. ಬಿಂದು ಎರಡು ಹೆಜ್ಜೆ ಹಿಂದೆ ಆರಾಮಾಗಿ ನಿಂತಿದ್ದಳು.

"ಏನ್ ಮಾಡ್ತಿದೀರ ಯಜಮಾನ್ರೆ? ಬೀಳೋ ರಾಡಿಗೆ ಕೈ ಕೊಡ್ತಾರಾ?"

"ಬಿದ್ದೋಯ್ತಲ್ಲ ಸಾ! ಬಿದ್ದೇ ಓಯ್ತು!"

ಮಕ್ಕಳೆಲ್ಲ ಕಿಸಕ್ಕೆಂದವು. ಬಿಂದು ಮುಖ ಕೆಂಪಗೆ ಮಾಡಿಕೊಂಡು ಹತ್ತಿರ ಬಂದಳು. "ಅಪ್ಪಾ, ಇದು ಬೀಳ್ಸೋ ಪಾಠ. ನಮ್ಗೆ ಮೊದ್ಲು ಕಲಿಸಿದ್ದೇ ಇದು. ಆಗ್ದೆ ಇದ್ರೆ ಹೆಂಗೆ ಬಿಡ್ಬೇಕು, ಯಾವ ಕಡೆ ಸರಿಬೇಕು ಅಂತ."

ರಂಗೇಶ ಮೇಷ್ಟ್ರ ಮುಖ ನೋಡಿದ. "ಬಿಟ್ರೆ ಬೈಯಲ್ವ ಸಾ?"

"ಬಿಡದೇ ಹಿಡ್ಕೊಂಡಿದ್ರೆ ಬೈತೀನಿ," ಎಂದರು ಮೋಹನ್ ಕುಮಾರ್.

ಜಗಳಕ್ಕೆಂದು ಬಂದವನು ಕತ್ತಲಾಗುವವರೆಗೂ ಅಲ್ಲೇ ಕೂತ. ಎತ್ತರದ ವಿಷಯ ಕೇಳಿದ. "ಅದೆಲ್ಲ ಹಳೇ ಮಾತು," ಎಂದರು ಮೇಷ್ಟ್ರು. "ಸರಿಯಾಗಿ ಹೇಳಿಕೊಟ್ಟು, ಎದುರಿಗೆ ನಿಂತು ನೋಡಿಕೊಂಡ್ರೆ ಕುಳ್ಳಾಗಲ್ಲ. ಈ ವಯಸ್ಸಲ್ಲೇ ಮೂಳೆ ಗಟ್ಟಿಯಾಗೋದು. ಓಡೋ ಮಕ್ಕಳು, ಕಬಡ್ಡಿ ಆಡೋ ಮಕ್ಕಳನ್ನೂ ನಾನು ಇಲ್ಲಿಗೆ ಕರೀತೀನಿ, ಅವಕ್ಕೆ ಪೆಟ್ಟು ಕಮ್ಮಿ ಬೀಳುತ್ತೆ. ಕೆಡೋದು ಯಾವಾಗ ಗೊತ್ತಾ? ಹೇಳಿಕೊಡೋರು ಇಲ್ಲದೆ, ಒಂದೇ ದಿನಕ್ಕೆ ಶಕ್ತಿ ಮೀರಿ ಹೊರಿಸಿದಾಗ."

ರಂಗೇಶ ಎಡ ಹೆಗಲನ್ನು ಒಮ್ಮೆ ಸವರಿಕೊಂಡ. ಏನೋ ಹೇಳಲು ಬಾಯಿ ತೆರೆದು ಬೇರೆ ಏನೋ ಹೇಳಿದ. "ಸಾ, ಆ ತುದೀಲಿ ಪೈಪು ಹಿಡ್ದಿರೋ ಹುಡುಗೀಗೆ ಎಡಗಾಲು ಒಂಚೂರು ಅಗಲ ಇಟ್ಕಳಾಕೆ ಹೇಳಿ. ಭಾರವೆಲ್ಲ ತುದಿಗಾಲಿಗೆ ಬೀಳ್ತಾ ಐತೆ."

ಮೇಷ್ಟ್ರು ತಿರುಗಿ ನೋಡಿದರು. ಹೌದಾಗಿತ್ತು. "ಯಜಮಾನ್ರೆ, ವಾರಕ್ಕೊಂದು ದಿನ ಬಂದುಬಿಡಿ," ಎಂದರು. ಮನೆಗೆ ಹೋಗುವ ದಾರಿಯಲ್ಲಿ ರಂಗೇಶ ಆ ಮಾತನ್ನು ಮಗಳ ಬಾಯಲ್ಲಿ ಮೂರು ಸಲ ಹೇಳಿಸಿಕೊಂಡ. ಹೋದವನೇ ಉಪ್ಪಿನ ಡಬ್ಬ ಎತ್ತಿ ಸಹಿ ಹಾಕಿದ. ಮಂಗಳಾ ಮುದ್ದೆಗೆ ತುಪ್ಪ ಹಾಕಿದಳು.

ಮಧುಗಿರಿಗೆ ಅವನೂ ಹೋದ. ಮಂಡಿಗೆ ರಜೆ ಹೇಳಿ, ಮದುವೆಗೆ ಹಾಕುವ ಬಿಳಿ ಷರ್ಟು ಹಾಕಿಕೊಂಡು ಹೋದ. ಮೈದಾನದ ಹಿಂದೆ ಬೆಟ್ಟ ಬಿಸಿಲಿಗೆ ಕಾಯುತ್ತಿತ್ತು. ಶಾಮಿಯಾನದ ಕೆಳಗೆ ಮರದ ವೇದಿಕೆ, ಒಬ್ಬೊಬ್ಬರಿಗೆ ಮೂರು ಸರದಿ. ಕೊರಟಗೆರೆಯ ಸ್ಪಂದನಾ ಎಂಬ ಹುಡುಗಿ ನಲವತ್ತೆರಡು ಕೇಜಿ ಎತ್ತಿ ಮುಗಿಸಿದ್ದಳು. ಬಿಂದು ನಲವತ್ತು ಎತ್ತಿದ್ದಳು. ಉಳಿದದ್ದು ಒಂದು ಸರದಿ. ನಲವತ್ತಮೂರು ಹಾಕಿಸಿದರು, ಎತ್ತಿದರೆ ಮೊದಲನೆಯ ಸ್ಥಾನ.

ರಾಡು ಹೆಗಲಿಗೆ ಸಲೀಸಾಗಿ ಬಂತು. ಉಸಿರು ತೆಗೆದುಕೊಂಡು ಮೇಲಕ್ಕೆ ತಳ್ಳಿದಳು. ಬಲಗೈ ನೆಟ್ಟಗಾಯಿತು, ಎಡಗೈ ಆಗಲಿಲ್ಲ. ಮೊಳಕೈ ನಡುಗತೊಡಗಿತು, ರಾಡು ಎಡಕ್ಕೆ ವಾಲಿತು. ಶಿರಾದ ಮಕ್ಕಳೆಲ್ಲ ಎದ್ದು ನಿಂತು "ಹಿಡ್ಕೋ ಬಿಂದೂ, ಹಿಡ್ಕೋ, ಬಿಡ್ಬೇಡ!" ಎಂದು ಕಿರುಚಿದವು. ಬಿಂದು ಹಲ್ಲು ಕಚ್ಚಿಕೊಂಡಳು. ಕಲಿತ ಪಾಠ ಆ ಗದ್ದಲದಲ್ಲಿ ಅವಳಿಗೂ ಮರೆತ ಹಾಗಿತ್ತು.

ರಂಗೇಶನಿಗೆ ಕಂಡದ್ದು ಲಾರಿಯ ಹಲಗೆ, ಎಡಕ್ಕೆ ಜಾರುತ್ತಿದ್ದ ಮೂಟೆ. ಅವನು ಕುರ್ಚಿಯ ಮೇಲೆ ಹತ್ತಿ ನಿಂತು, ಅಷ್ಟೂ ಜನರ ಕೂಗನ್ನು ಮೀರಿ ಕೂಗಿದ: "ಬುಡು ಮಗಾ! ಬುಡೂ!"

ಬಿಂದು ಬಿಟ್ಟಳು. ರಾಡನ್ನು ಮುಂದಕ್ಕೆ ತಳ್ಳಿ ಎರಡು ಹೆಜ್ಜೆ ಹಿಂದೆ ಸರಿದಳು. ರಾಡು ಧಡಾರೆಂದಿತು. ಅವಳು ಎಡಗೈಯನ್ನು ಮಡಿಸಿ, ಬಿಡಿಸಿ ನೋಡಿಕೊಂಡು, ಜನರ ಕಡೆ ತಿರುಗಿ ತಲೆ ಬಾಗಿಸಿ ನಕ್ಕಳು. ಎರಡನೇ ಸ್ಥಾನ. ಕುರ್ಚಿಯಿಂದ ಇಳಿದ ರಂಗೇಶನ ಮನಸ್ಸು ಹೂವಿನಷ್ಟು ಹಗುರಾಗಿತ್ತು.

ಶಿರಾದ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಬಿಂದು ಬೇಯಿಸಿದ ಕಡಲೆಕಾಯಿ ಸುಲಿಯುತ್ತಾ ಅಂದಳು. "ಅಪ್ಪ, ಎಲ್ರೂ ಹಿಡ್ಕೋ ಅಂತಿದ್ರು. ನೀನೊಬ್ನೇ ಬುಡು ಅಂದಿದ್ದು."

"ಬೇಜಾರಾಯ್ತಾ?"

"ಇಲ್ಲಪ್ಪ. ನಂಗೆ ಅದೊಂದೇ ಕೇಳ್ಸಿದ್ದು."

ರಂಗೇಶ ಹೆಂಡತಿಗೂ ಹೇಳದಿದ್ದ ಮಾತನ್ನು ಹದಿನಾಲ್ಕರ ಹುಡುಗಿಗೆ ಹೇಳಿದ. "ನಾನು ಹುಣಸೇಮರದಿಂದ ಬಿದ್ದಿಲ್ಲ ಕಣಮ್ಮ." ಹಲಗೆ, ಬೀಜದ ಮೂಟೆ, ಕೆಳಗೆ ನಿಂತವರ ಕೂಗು, ಲಟಕ್ಕೆಂದ ಸೊಂಟ, ಎಲ್ಲ ಹೇಳಿದ.

ಬಿಂದು ಸುಲಿಯುವುದನ್ನು ನಿಲ್ಲಿಸಿದ್ದಳು. "ಒಬ್ರೂ ಬುಡು ಅನ್ಲಿಲ್ವಾ?"

"ಇಲ್ಲ ಮಗಾ. ಒಬ್ರಾದ್ರೂ ಅಂದಿದ್ರೆ ಬುಟ್ಬುಡ್ತಿದ್ದೆ."

ಅವಳು ಅವನ ಇಳಿದ ಹೆಗಲ ಮೇಲೆ ಕೈಯಿಟ್ಟು, ಮೇಷ್ಟ್ರ ಥರ ಗಟ್ಟಿಯಾಗಿ ಹೇಳಿದಳು. "ನಾನಂತಿದೀನಿ ಈಗ. ಇನ್ಮೇಲೆ ಜಾರಿದ್ರೆ ಬುಟ್ಬುಡು."

"ಮೂಟೆ ಒಡೆದೋದ್ರೆ?"

"ಒಡೀಲಿ. ನಾನೂ ಅಮ್ಮನೂ ಬಂದು ಆಯ್ಕೊಡ್ತೀವಿ."

ರಂಗೇಶ ನಗಲು ಹೋದ, ಕಣ್ಣು ತುಂಬಿಕೊಂಡಿತು. ಮಗಳ ಮಡಿಲಲ್ಲಿದ್ದ ಪೊಟ್ಟಣಕ್ಕೆ ಕೈ ಹಾಕಿ ಒಂದು ಹಿಡಿ ಕಡಲೆಕಾಯಿ ತೆಗೆದುಕೊಂಡ.