ಬಿಗಿಯಾದ ಉಡಿದಾರ

ಲಕ್ಷ್ಮೇಶ್ವರದ ಗದಿಗೆವ್ವನಿಗೆ ಮಗನ ಹೊಟ್ಟೆಯೆಂದರೆ ಬಲು ಹೆಮ್ಮೆ. ಮೆಣಸಿನಕಾಯಿ ಅಂಗಡಿಯ ಗಾದಿಯ ಮೇಲೆ ಶಿವಯೋಗಿ ಮೈಕೈ ತುಂಬಿಕೊಂಡು ಕೂತರೆ, ತಾನು ಬಡಿಸಿದ ತುಪ್ಪ ದಂಡವಾಗಲಿಲ್ಲ ಎಂಬ ಸಮಾಧಾನ. ಅವನ ಬೆಳ್ಳಿಯ ಉಡಿದಾರ ಸೊಂಟಕ್ಕೆ ಬಿಗಿಯಾದಾಗಲೆಲ್ಲ ಗದಗಿನ ಅಕ್ಕಸಾಲಿಗ ಮೌನೇಶನಲ್ಲಿಗೆ ಒಯ್ದು, ಕೊಂಡಿ ಕೂಡಿಸಿ ತರುವಳು.

ಈ ಸಲ ಮಂಡಿನೋವು ತೋರಿಸಲು ಮಗನ ಜೊತೆ ಗದಗಿಗೆ ಹೊರಟಾಗಲೂ ಅದು ಅವಳ ಚೀಲದಲ್ಲಿತ್ತು. ಉಡಿದಾರವಿಲ್ಲದ ಸೊಂಟ ಹೆಣಕ್ಕೆ ಮಾತ್ರ ಎಂದು ಶಿವಯೋಗಿಗೆ ಅಲ್ಲಿಯವರೆಗೆ ಕರಿದಾರ ಕಟ್ಟಿದ್ದಳು.

ಡಾಕ್ಟರು ಮುದುಕಿಯ ಮಂಡಿಗೆ ಗುಳಿಗೆ ಬರೆದರು. ಆಮೇಲೆ ಪಕ್ಕದಲ್ಲಿ ಕೂತವನನ್ನು ಎಬ್ಬಿಸಿ ಸೊಂಟಕ್ಕೆ ಟೇಪು ಸುತ್ತಿದರು, ಬಿಪಿ ನೋಡಿದರು. ಗದಗಿನ ಬಜ್ಜಿಗೆಂದು ಹೊಟ್ಟೆ ಖಾಲಿ ಇಟ್ಟುಕೊಂಡು ಬಂದಿದ್ದ ಪುಣ್ಯಾತ್ಮನ ರಕ್ತವನ್ನೂ ತೆಗೆಸಿದರು. ಮಧ್ಯಾಹ್ನ ರಿಪೋರ್ಟು ಬಂತು.

"ಶುಗರ್ ಸ್ವಲ್ಪ ಜಾಸ್ತಿ, ಬಿಪಿ ಸ್ವಲ್ಪ ಜಾಸ್ತಿ, ರಕ್ತದಾಗ ಕೊಬ್ಬೂ ಜಾಸ್ತಿ."

"ಎಲ್ಲಾ ಸ್ವಲ್ಪ ಸ್ವಲ್ಪs ಐತಲ್ರಿ," ಎಂದು ಶಿವಯೋಗಿ ನಕ್ಕ.

"ಈ ಹೊಟ್ಟಿ ಜೋಡಿ ಎಲ್ಲಾ ಕೂಡಿ ಬಂದಾವಲ್ಲ, ಅದs ಅಂಜಿಕಿ. ರಕ್ತನಾಳದ ಒಳಗೋಡಿ ಕೆಡ್ತೈತಿ, ಅಲ್ಲಿ ಕೊಬ್ಬು ಕೂತು ದಾರಿ ಸಣ್ಣದಾಗ್ತೈತಿ. ನೋವು ಇರೂದಿಲ್ಲ, ಗೊತ್ತೂ ಆಗೂದಿಲ್ಲ. ಮುಂದ ಹಾರ್ಟ್ ಅಟ್ಯಾಕ್, ಇಲ್ಲಾ ಲಕ್ವಾ ಹೊಡೀಬಹುದು. ನಡಾ ಕರಗಿಸ್ರಿ, ಇನ್ನೂ ವ್ಯಾಳ್ಯಾ ಐತಿ. ನಿಮ್ಮ ತಂದಿಯವರಿಗೆ ಏನಾಗಿತ್ತು?"

ಶಿವಯೋಗಿ ತಾಯಿಯ ಮುಖ ನೋಡಿದ. ಗದಿಗೆವ್ವನ ಗಂಡ ಹುಚ್ಚೀರಪ್ಪ ಅದೇ ಗಾದಿಯ ಮೇಲೆ, ಗಿರಾಕಿಗೆ ಚಹಾ ಹೇಳುತ್ತಲೇ ಕುಸಿದಿದ್ದ. ದೃಷ್ಟಿ ತಾಗಿತು ಎಂದರು ಊರವರು, ಅವಳೂ ನಂಬಿದಳು. ಹೆಣಕ್ಕೆ ನೀರು ಹಾಕುವಾಗ ಉಡಿದಾರ ಬಿಚ್ಚಿದರೆ ಸೊಂಟದ ಸುತ್ತ ಅದರ ಗೆರೆ ಹಾಗೇ ಉಳಿದಿತ್ತು. ಆ ದೀಪಾವಳಿಗಷ್ಟೇ ಅದನ್ನೂ ಉದ್ದ ಮಾಡಿಸಿದ್ದಳು.

ಆಸ್ಪತ್ರೆಯಿಂದ ಇಬ್ಬರೂ ಮೌನೇಶನ ಅಂಗಡಿಗೆ ಬಂದರು. ಅವನು ಉಡಿದಾರ ಕೈಗೆತ್ತಿಕೊಂಡು ನಕ್ಕ.

"ಸಾವಕಾರ್ರು ಮತ್ತ ಬೆಳದಾರ. ಎಷ್ಟು ಕೊಂಡಿ ಕೂಡಿಸ್ಲಿ, ಅವ್ವಾರ?"

"ಒಂದೂ ಬ್ಯಾಡ," ಎಂದಳು ಗದಿಗೆವ್ವ. "ಹಿಂಗs ನಿನ್ನ ಹತ್ರ ಇರಲಿ. ಇವನ ನಡಾ ಇದಕ್ಕ ಹೊಂದಿದ ದಿನ ಬಂದು ಒಯ್ತೀನಿ."

ಶಿವಯೋಗಿಗೆ ಸಿಟ್ಟು ಬಂತು. "ಯವ್ವಾ, ಅಲ್ಲೀತನಕ ಕರಿದಾರ ಕಟಗೊಂಡು ತಿರಗ್ಲೇನ? ಮಂದಿ ಏನಂದಾರು?"

"ಮಂದಿ ನಿಮ್ಮಪ್ಪನ ಹೊಟ್ಟೀಗೂ ಭೇಷ್ ಅಂದಿದ್ರು. ಅವರ ಉಡಿದಾರ ಬಿಚ್ಚೂದನ್ನ ಈ ಕಣ್ಣಲೆ ನೋಡೀನೋ ತಮ್ಮಾ. ನಿಂದೂ ಬಿಚ್ಚೂದು ನೋಡಾಕ ನನ್ನ ಕೈಲೆ ಆಗೂದಿಲ್ಲ."

ಮೌನೇಶ ಉಡಿದಾರವನ್ನು ತಿಜೋರಿಯಲ್ಲಿಟ್ಟ.

ಹೊರಗೆ ಶಿವಯೋಗಿ ಆಟೋಗೆ ಕೈ ಎತ್ತುವಷ್ಟರಲ್ಲಿ ಮುದುಕಿ ಬಸ್‌ಸ್ಟ್ಯಾಂಡಿನ ಕಡೆ ಕಾಲೆಳೆಯುತ್ತ ಹೊರಟೇಬಿಟ್ಟಿದ್ದಳು.

"ಮಂಡಿ ನೂಸ್ತಾವು ಅಂತಿದ್ದೆಲ್ಲ ಯವ್ವಾ!"

"ನೂಸ್ಲಿ. ನೀ ನಡಿ."

ಅವನು ದಾಪುಗಾಲು ಹಾಕಿ ಬಂದು ಸೇರಿಕೊಂಡ. ಮೊದಲು ಏದುಸಿರು ಬಿಟ್ಟವನೂ ಅವನೇ. ಬಜ್ಜಿ ಅಂಗಡಿಯ ಎದುರು ಕರಿದ ವಾಸನೆ ಬಂದು ಅವನ ಕಾಲು ತಡೆಯಿತು. ಗದಿಗೆವ್ವ ನಿಂತು ಕಾದಳು. ಶಿವಯೋಗಿ ಅಂಗಿಯ ಮೇಲಿಂದಲೇ ಸೊಂಟದ ಕರಿದಾರ ಮುಟ್ಟಿ ನೋಡಿಕೊಂಡ. ಆಮೇಲೆ ತಾಯಿಯ ಕೈ ಹಿಡಿದು ಮುಂದೆ ನಡೆದ.