ಒಳಗೆ ಬಿಟ್ಟ ಬಟ್ಟೆ

ಅಮ್ಮನ ಹಸಿರು ನಿಲುವಂಗಿಗೆ ಇಸ್ತ್ರಿ ಹಾಕುತ್ತಿದ್ದ ಮಗಳಿಗೆ ಒಳಗೊಳಗೇ ಒಂದು ಹೆದರಿಕೆಯಿತ್ತು. ಅಮ್ಮನನ್ನು ಮಣ್ಣು ಮಾಡುವಾಗ ಎಲ್ಲರೆದುರು ತನಗೆ ಅಳು ಬರದೇಹೋದರೆ? ಬೆಳಗಿನಿಂದ ಎದೆಯಲ್ಲಿ ಕುದಿಯುತ್ತಿದ್ದದ್ದು ಬರೀ ಸಿಟ್ಟು. ಇಸ್ತ್ರಿಪೆಟ್ಟಿಗೆ ಪಕ್ಕೆಯ ಹೊಲಿಗೆಗೆ ಬಂದಾಗ ಅವಳ ಕೈ ನಿಧಾನವಾಯಿತು.

ಹಜಾರದಲ್ಲಿ ದೊಡ್ಡಮ್ಮನ ದನಿಯೇ ಮೇಲಾಗಿತ್ತು. ಬೀದಿ ಮೂಲೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಅವಳು ಅಮ್ಮನ ಒಬ್ಬಳೇ ಅಕ್ಕ. ಮೈ ಇಳಿಸಲೆಂದು ತಂಗಿಯನ್ನು ನಡಿಗೆಗೆ ಹಚ್ಚಿದ್ದು ತಾನೇ, ತಿನ್ನುವ ಬಾಯಿಗೆ ಬೀಗ ಹಾಕಿಸಿದ್ದೂ ತಾನೇ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅಮ್ಮ ಕೆಲಸಕ್ಕಿದ್ದ ಬೇಕರಿಯ ಯಜಮಾನರು ಮೂಗೊರೆಸಿಕೊಂಡರು.

“ನನ್ನ ಗಲ್ಲಾದಲ್ಲಿ ಕೂತು ಒಂದು ಚೂರು ಕೇಕು ಬಾಯಿಗೆ ಹಾಕ್ಲಿಲ್ಲ, ಪುಣ್ಯಾತ್ಗಿತ್ತಿ. ಅದರಲ್ಲಿ ಏನು ಬೆರೆಸಿದಾರೋ ಅಂತ ಗಿರಾಕಿಗಳು ನನ್ನನ್ನೇ ನೋಡೋರು.”

“ಏನು ಬಂತು ಹೇಳಿ,” ಎಂದಳು ದೊಡ್ಡಮ್ಮ. “ಬಾಯಿ ಕಟ್ಟಿದವಳು ಮಲಗಿದಾಳೆ, ಕಂಡಿದ್ದೆಲ್ಲ ತಿಂದ ನಾನು ಗುಂಡುಕಲ್ಲಿನ ಹಾಗೆ ಕೂತಿದೀನಿ. ದಿನಾ ಬೆಳಗ್ಗೆ ನನ್ನ ಅಂಗಡಿ ಮುಂದೇನೇ ಹೋಗೋಳು. ನನ್ನ ಮುಖ ನೋಡ್ದೆ ಅವಳಿಗೆ ಬೆಳಗಾಗ್ತಿರ್ಲಿಲ್ಲ.”

ಒಡೆದದ್ದು ಮಿದುಳಿನ ರಕ್ತನಾಳ. ಹುಟ್ಟಿನಿಂದಲೇ ಇದ್ದ ದೋಷವೆಂದು ಡಾಕ್ಟರು ಹೇಳಿದ್ದರು. ಅಷ್ಟನ್ನಾದರೂ ಹೇಳೋಣವೆಂದು ಮಗಳು ಬಾಗಿಲವರೆಗೆ ಹೋದಳು. ಹಾಗೇ ಇಸ್ತ್ರಿಪೆಟ್ಟಿಗೆಯ ಹತ್ತಿರ ವಾಪಸಾದಳು.

*

ಅಮ್ಮ ಬರೀ ಆರಂಭಶೂರಳಾಗಿದ್ದ ಕಾಲವಿತ್ತು. ಸಕ್ಕರೆ ಏರಿದೆ ಎಂದು ಡಾಕ್ಟರು ಹೆದರಿಸಿದಾಗ ನಡೆದಳು. ಹೆದರಿಕೆ ಇಳಿದದ್ದೇ ನಡಿಗೆ ನಿಂತಿತು. ಅಪ್ಪ ಮುದ್ದಿನಿಂದ ಬೂಟು ತಂದುಕೊಟ್ಟಾಗ ನಡೆದಳು. ನಡುವೆ ಒಂದು ಜ್ವರ ಬಂತು, ಮಲಗಿದ್ದವಳು ಎದ್ದು ಹೋದದ್ದು ನೇರ ಬೇಕರಿಯ ಬೆಣ್ಣೆ ಬಿಸ್ಕತ್ತಿನ ಡಬ್ಬಿಗೆ. ಮೈ ಇಳಿದಾಗಲೆಲ್ಲ ಅಂಗಿ ಸಣ್ಣ ಮಾಡಿಸಲು ಅಕ್ಕನ ಹತ್ತಿರ ಹೋಗುವಳು. ದೊಡ್ಡಮ್ಮ ಹೊಲಿಗೆಯನ್ನು ಒಳಕ್ಕೆ ಸರಿಸಿ, ಮಿಕ್ಕ ಬಟ್ಟೆಯನ್ನು ಕತ್ತರಿಸದೆ ಹಾಗೇ ಬಿಡುವಳು.

ಹಸಿರು ಅಂಗಿ ಒಯ್ದ ದಿನ ಅಂಗಡಿ ತುಂಬ ಗಿರಾಕಿಗಳಿದ್ದರು. ಈ ಸಲ ಮಿಕ್ಕಿದ್ದನ್ನು ಕತ್ತರಿಸಿಬಿಡು ಎಂದಳು ಅಮ್ಮ.

“ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ,” ಎಂದಳು ದೊಡ್ಡಮ್ಮ, ಸೂಜಿಗೆ ದಾರ ಪೋಣಿಸುತ್ತಾ. “ಇರ್ಲಿ ಬಿಡೇ. ಮೂರು ತಿಂಗಳಿಗೆ ಬಿಚ್ಚಿಸೋಕೆ ಬರ್ತೀಯಲ್ಲ.”

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಮನೆಗೆ ಬಂದವಳೇ ಅಂಗಿಯನ್ನು ಒಳಮಗ್ಗುಲಿಗೆ ತಿರುವಿ, ಒಂದು ತುದಿಯನ್ನು ಮಗಳ ಕೈಗೆ ಕೊಟ್ಟು, ಹೊಲಿಗೆಗೆ ಅಂಟಿಕೊಂಡೇ ಮಿಕ್ಕ ಬಟ್ಟೆಯನ್ನು ಕತ್ತರಿಸಿ ತೆಗೆದಳು.

“ಇದು ಒಳಗಿರೋವರೆಗೂ ನಾನು ವಾಪಸ್ ಬರ್ತೀನಿ ಅಂತ ಅವಳಿಗೆ ಗೊತ್ತು,” ಎಂದಳು. “ನನಗೂ ಗೊತ್ತು.”

ಮರುದಿನದಿಂದ, ಅಕ್ಕ ಅಂಗಡಿಯ ಬಾಗಿಲೆತ್ತುವ ಹೊತ್ತಿಗೆ ಸರಿಯಾಗಿ ಅಮ್ಮ ಅದರ ಮುಂದೆ ನಡೆದಳು. ಮಳೆಗೆ ಕೊಡೆ ಹಿಡಿದು ನಡೆದಳು. ಅಪ್ಪ ತೀರಿಕೊಂಡ ವಾರವೂ ನಡೆದಳು. ದೊಡ್ಡಮ್ಮ ಕೈ ಬೀಸುವಳು. ಅಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು ಮೂಲೆ ದಾಟುವಳು. ಆಗಾಗ ಹಸಿರು ಅಂಗಿ ತೊಟ್ಟು, ಗುಂಡಿ ಹಾಕಿ ನೋಡಿ, ಮಡಿಚಿಡುವಳು.

*

ಒಳಕೋಣೆಯಲ್ಲಿ ಮಗಳು, ದೊಡ್ಡಮ್ಮ ಇಬ್ಬರೂ ಅಮ್ಮನ ದೇಹಕ್ಕೆ ಹಸಿರು ಅಂಗಿ ತೊಡಿಸಲು ನಿಂತರು. ಆಸ್ಪತ್ರೆಯಲ್ಲಿ ಏರಿಸಿದ ಬಾಟಲಿಗಳಿಂದ ಮೈ ಊದಿಕೊಂಡಿತ್ತು. ಅಂಗಿ ಪಕ್ಕೆಯಲ್ಲಿ ಬಿಗಿದು ಗುಂಡಿ ಕೂಡಲಿಲ್ಲ. ದೊಡ್ಡಮ್ಮನ ತುಟಿಯಂಚಿನಲ್ಲಿ ಹಳೆಯ ನಗು ಹಾದುಹೋಯಿತು.

“ನೋಡಿದ್ಯಾ? ಕೊನೆಗೂ ನನ್ನ ಹತ್ರಾನೇ ಬಂದ್ಲು. ಕತ್ತರಿ ಕೊಡು, ಸ್ವಲ್ಪ ಬಿಚ್ಚಿ ಬಿಡ್ತೀನಿ. ಒಳಗೆ ಬೇಕಾದಷ್ಟು ಬಟ್ಟೆ ಇಟ್ಟಿದೀನಿ.”

ಅಂಗಿಯನ್ನು ಕಳಚಿ ಒಳಮಗ್ಗುಲಿಗೆ ತಿರುವಿದಳು. ಹೆಬ್ಬೆರಳು ಹೊಲಿಗೆಯ ಗುಂಟ ಕೆಳಗಿಳಿಯಿತು, ಮತ್ತೆ ಮೇಲೇರಿತು, ಇನ್ನೊಂದು ಪಕ್ಕೆಗೆ ಹೋಯಿತು.

ಕತ್ತರಿ ಮಗಳ ಕೈಯಲ್ಲಿತ್ತು. ಅವಳು ಕೊಡಲಿಲ್ಲ.

“ಅಮ್ಮ ದಿನಾ ಅಂಗಡಿ ಮುಂದೆ ಹೋಗ್ತಿದ್ದಿದ್ದು ನಿಮ್ಮ ಮುಖ ನೋಡೋಕಲ್ಲ, ದೊಡ್ಡಮ್ಮ. ನಿಮ್ಮ ಮೇಲಿನ ಸಿಟ್ಟಿಗೆ.”

ದೊಡ್ಡಮ್ಮನ ಹೆಬ್ಬೆರಳು ಇಲ್ಲದ ಬಟ್ಟೆಯನ್ನು ಇನ್ನೂ ತಡಕುತ್ತಿತ್ತು.